ಹನಿಯೇ ಶಿಲ್ಪಿ, ಹನಿಯೇ ಅಭಿಷೇಕ

ಜೋಯಿಡಾ ಸೀಮೆಯ ರಾಮನಗರದ ಹಿರಿಯರಲ್ಲಿ ಅನೇಕರು ಮುಳುಗಿದ ಊರಿನ ಮಕ್ಕಳು. ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದಲ್ಲಿ ನೆಮ್ಮದಿಯಾಗಿದ್ದ ಸೂಪಾ ಪೇಟೆಯು, 1987ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಿಗೆ ಆಹುತಿಯಾಗುವ ಹೊತ್ತಿಗೆ, ಮನೆಯ ಜಂತೆ ಬಾಗಿಲುಗಳೊಡನೆ ದೇವರನ್ನೂ ಹೊತ್ತು ಹೊರಟವರ ಹೊಸ ನೆಲೆ ಇದು. ನೀರು ಒಂದು ಊರನ್ನೇ ಅಳಿಸಿದ್ದನ್ನು ಕಣ್ಣಾರೆ ಕಂಡ ಈ ಸೀಮೆಯು, ಅದೇ ನೀರು ಹನಿಹನಿಯಾಗಿ ಒಬ್ಬ ದೇವರನ್ನು ಕಟ್ಟಿದ್ದನ್ನೂ ಬಲ್ಲದು. ದಾಂಡೇಲಿಯಿಂದ ಸುಮಾರು 25 ಕಿಲೋಮೀಟರು ದೂರದ ಅಡವಿಯಲ್ಲಿ, ಕಾಳಿಯ ಕಣಿವೆಗೆ ಮುಖಮಾಡಿರುವ ಕವಳಾ ಗುಹೆಯ ಶಿವನೇ ಆ ದೇವರು.

ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿರುವ ಆ ಅರಣ್ಯದೊಳಗೆ, ಬಿದಿರುಮೆಳೆಗಳ ನಡುವಿನ ಹಾದಿಯನ್ನು ಸವೆಸಿ, ನೂರಾರು ಮೆಟ್ಟಿಲುಗಳನ್ನಿಳಿದು, ಬಾವಲಿಗಳ ವಾಸನೆ ಕವಿದ ಕತ್ತಲೆಯಲ್ಲಿ ತಲೆಬಾಗಿ, ಕಡೆಗೆ ಮೊಣಕಾಲೂರಿ ತೆವಳಿದವನಿಗಲ್ಲದೆ ಇಲ್ಲಿ ದರ್ಶನವಿಲ್ಲ. ದೇವಾಲಯದ ಮುಂದೆ ಸಾಷ್ಟಾಂಗವೆರಗುವುದು ಭಕ್ತನ ಇಚ್ಛೆ; ಇಲ್ಲಿ ಅದು ಬಂಡೆಯ ಆಜ್ಞೆ. ದೀಪ ಹಿಡಿದರೆ ತೋರುವುದು ನೆಲದಿಂದೆದ್ದ ಒದ್ದೆ ಶಿಲೆ, ಅದರ ನೇರಕ್ಕೆ ಮೇಲೆ ಹಸುವಿನ ಕೆಚ್ಚಲಿನಂತೆ ಇಳಿಬಿದ್ದ ಸುಣ್ಣಗಲ್ಲು, ಅದರ ತುದಿಯಲ್ಲಿ ಬೀಳಲೋ ಬೇಡವೋ ಎಂದು ತೂಗುವ ಒಂದು ಹನಿ.

ಆ ಒದ್ದೆ ಶಿಲೆಯೇ ಇಲ್ಲಿಯ ಲಿಂಗ. ಆಗಮಗಳನ್ನು ರಚಿಸಿದವರು ಮನುಷ್ಯರು ಕಡೆದ ಮಾನುಷಲಿಂಗಕ್ಕೆ ವಿಧಿಸಿದ ಲಕ್ಷಣಗಳು ಅತ್ಯಂತ ಕಟ್ಟುನಿಟ್ಟಿನವು. ಬುಡದ ಬ್ರಹ್ಮಭಾಗ ಚತುರಸ್ರವಾಗಿರಬೇಕು, ನಡುವಿನ ವಿಷ್ಣುಭಾಗ ಅಷ್ಟಾಸ್ರವಾಗಿರಬೇಕು, ಪೀಠದಿಂದ ಮೇಲೆ ಕಾಣುವ ರುದ್ರಭಾಗ ಮಾತ್ರ ವರ್ತುಲವಾಗಿರಬೇಕು. ಅಳತೆ ತಪ್ಪಿದರೆ ಪೂಜೆಗೆ ಸಲ್ಲದು. ಆದರೆ ತಾನಾಗಿ ಮೂಡಿದ ಸ್ವಯಂಭುವಿಗೆ ಈ ಮಾನಪ್ರಮಾಣಗಳ ಹಂಗಿಲ್ಲವೆಂದೂ, ಅದು ಎಲ್ಲ ಲಿಂಗಗಳಿಗಿಂತ ಮಿಗಿಲೆಂದೂ ಅದೇ ಶಾಸ್ತ್ರವು ಒಪ್ಪಿಕೊಂಡಿರುವುದು ನನಗೆ ಬಹಳ ಹಿಡಿಸಿದ ಮಾತು. ಬಿಡದೆ ನಿಯಮ ಬರೆದವರು ನಿಯಮಕ್ಕೆ ನಿಲುಕದ ಒಂದನ್ನು ತಲೆಯ ಮೇಲಿರಿಸಿಕೊಂಡರಲ್ಲ!

ಇನ್ನು ಈ ಲಿಂಗ ಮೂಡಿದ ಬಗೆ. ಘಟ್ಟದ ಮಳೆಯು ಕಾಡಿನ ತರಗೆಲೆ ಕೊಳೆತ ಮಣ್ಣಿನಲ್ಲಿ ಇಂಗುವಾಗ ಅಲ್ಲಿಯ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣಗಲ್ಲಿನ ಬಿರುಕುಗಳಲ್ಲಿ ಜಾರುತ್ತ ಕಲ್ಲನ್ನು ಎಳ್ಳಷ್ಟೆಳ್ಳಷ್ಟೇ ಕರಗಿಸಿಕೊಂಡು, ಗುಹೆಯ ಬಯಲಿಗೆ ಬಂದೊಡನೆ ಹೀರಿದ ಅನಿಲವನ್ನು ಬಿಟ್ಟುಕೊಟ್ಟು, ಹೊತ್ತು ತಂದ ಸುಣ್ಣವನ್ನು ಬಿದ್ದಲ್ಲಿಯೇ ಇಳಿಸುತ್ತದೆ. ಇಂಥ ಕಂಬಗಳು ಸಾಮಾನ್ಯವಾಗಿ ಬೆಳೆಯುವುದು ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಆ ಲೆಕ್ಕದಲ್ಲಿ ಒಂದು ಗೇಣಿಗೆ 2,000 ವರ್ಷಕ್ಕೂ ಮೇಲು. ಕಲ್ಯಾಣದ ಕ್ರಾಂತಿಯ ಬಳಿಕ ಚೆನ್ನಬಸವಣ್ಣನವರು ಇದೇ ಜೋಯಿಡಾ ಸೀಮೆಯ ಉಳವಿಗೆ ಬಂದ ಹನ್ನೆರಡನೆಯ ಶತಮಾನದಿಂದ ಇಂದಿನವರೆಗೆ ಬೆಳೆದಿರಬಹುದಾದ ಎತ್ತರ ಸುಮಾರು ನಾಲ್ಕು ಬೆರಳು.

ಉಳವಿಯ ಮಾತು ಬಂದುದರಿಂದ ಒಂದು ವಿಷಯ ಹೇಳದೆ ಮುಂದುವರಿಯಲಾರೆ. ಮಹಾಮನೆ, ಅಕ್ಕನಾಗಮ್ಮನ ಗವಿ, ವಿಭೂತಿ ಕಣಜ ಎಂದು ಆ ಕ್ಷೇತ್ರವೂ ಗವಿಗಳ ನಾಡೇ. ಸ್ಥಾವರವನ್ನು ಬಿಟ್ಟು ಅಂಗೈಯ ಇಷ್ಟಲಿಂಗವನ್ನು ಹಿಡಿದ ಶರಣರ ಪರಂಪರೆ ಅಲ್ಲಿ, ಮನುಷ್ಯನಾರೂ ಸ್ಥಾಪಿಸದ ಸ್ಥಾವರ ಇಲ್ಲಿ. ಎರಡಕ್ಕೂ ಆಶ್ರಯ ಒಂದೇ ಅಡವಿ.

ಶಿವನು ಅಭಿಷೇಕಪ್ರಿಯನೆಂಬುದು ಎಲ್ಲರೂ ಬಲ್ಲ ಮಾತಷ್ಟೆ. ಗುಡಿಗಳಲ್ಲಿ ಲಿಂಗದ ಮೇಲೆ ಧಾರಾಪಾತ್ರೆಯನ್ನು ತೂಗಹಾಕಿ, ಅದರ ತಳದ ರಂಧ್ರದಿಂದ ನೀರು ಅಖಂಡವಾಗಿ ತೊಟ್ಟಿಕ್ಕುವಂತೆ ಮಾಡುವುದುಂಟು. ಯಾಣದ ಭೈರವೇಶ್ವರನಿಗೂ ಬಂಡೆಯ ಒರತೆಯೇ ಅಭಿಷೇಕ. ಕವಳಾ ಗುಹೆಯಲ್ಲಿ ನೀರಿಗೂ ಲಿಂಗಕ್ಕೂ ಇರುವ ಈ ಸಂಬಂಧ ಇನ್ನೂ ಒಂದು ಹೆಜ್ಜೆ ಒಳಗಿನದು. ಇಲ್ಲಿ ಲಿಂಗವಿದ್ದು ಅದರ ಮೇಲೆ ಧಾರೆ ಬಿದ್ದುದಲ್ಲ, ಧಾರೆ ಬಿದ್ದು ಬಿದ್ದು ಅದೇ ಲಿಂಗವಾದದ್ದು. ಪೂಜೆಯೇ ಪೂಜ್ಯವಾದ ಇಂಥ ಸಂಗತಿಯನ್ನು ಯಾವ ಪುರಾಣಿಕನೂ ಇದಕ್ಕಿಂತ ಸೊಗಸಾಗಿ ಕಲ್ಪಿಸಲಾರನೆಂದು ನನ್ನ ಎಣಿಕೆ.

ಮಾಘ ಬಹುಳ ಚತುರ್ದಶಿಯ ಮಹಾಶಿವರಾತ್ರಿಯಂದು ಕನ್ನಡ, ಕೊಂಕಣಿ, ಮರಾಠಿಗಳನ್ನಾಡುವ ಜನ ಸಾಲುಗಟ್ಟಿ ಈ ಮೆಟ್ಟಿಲುಗಳನ್ನಿಳಿಯುತ್ತಾರೆ. ಭಕ್ತಿಯ ಭರದಲ್ಲಿ ಲಿಂಗವನ್ನು ತಬ್ಬಿ ಸವರುವವರೂ ಉಂಟು. ಆದರೆ ಅಂಗೈಯ ಜಿಡ್ಡು ಹತ್ತಿದ ಕಲ್ಲಿನ ಮೇಲೆ ಹೊಸ ಸುಣ್ಣ ಸರಿಯಾಗಿ ಕೂರುವುದಿಲ್ಲ. ಎಷ್ಟೋ ಸಾವಿರ ವರ್ಷಗಳ ಬೆಳವಣಿಗೆ ಅಲ್ಲಿಗೆ ಕೆಟ್ಟೀತು. ಆದುದರಿಂದ ಈ ಸಲ ಹೋಗುವವರು ಕೈಯಲ್ಲೊಂದು ಟಾರ್ಚು ಹಿಡಿದು, ಕೆಸರಿಗೆ ಅಂಜದ ಬಟ್ಟೆ ತೊಟ್ಟು ಹೋಗಿರಿ. ಹಾಲಿನ ತಂಬಿಗೆಯನ್ನು ಮನೆಯಲ್ಲಿಯೇ ಬಿಡಿರಿ. ಲಿಂಗವನ್ನು ಮುಟ್ಟದೆ ಕೈಮುಗಿದು ಬನ್ನಿರಿ.