ಬೆಲ್ಲದ ಮಂಡಿ, ಹುಣಸೆ ಮಂಡಿ, ಒಂದು ಬಾಟಲಿ

ಹಿಂದೂಪುರದ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲವೂ ಸಿಗುತ್ತದೆ, ಹುಣಸೆಹಣ್ಣೂ ಸಿಗುತ್ತದೆ. ಅಲ್ಲಿ ಬೆಳೆದ ನನ್ನ ನಾಲಿಗೆ ಮೊದಲಿನಿಂದಲೂ ಬೆಲ್ಲದ ಕಡೆ. ಕಲ್ಯಾಣದುರ್ಗದ ನನ್ನ ಹೆಂಡತಿಗೆ ಹುಳಿ ಚುರುಕ್ಕೆನ್ನದಿದ್ದರೆ ಅದು ಊಟವೇ ಅಲ್ಲ. ಎರಡೂ ಮನೆಯ ಮಾತು ಕನ್ನಡ, ಬೀದಿಯ ಮಾತು ತೆಲುಗು, ಜಗಳಕ್ಕೆ ಎರಡೂ ಆಗುತ್ತವೆ. ಬೆಂಗಳೂರಿಗೆ ಬಂದು ನೆಲೆಸಿ ಅಪರೂಪಕ್ಕೊಮ್ಮೆ ವೈನ್ ತರುವ ಅಭ್ಯಾಸವಾದ ಮೇಲೆ, ಸಾರಿನ ಪಾತ್ರೆಯ ಸುತ್ತ ನಡೆಯುತ್ತಿದ್ದ ತಕರಾರು ಬಾಟಲಿಯ ಸುತ್ತಲೂ ಶುರುವಾಯಿತು.

ಮೊದಲು ತಂದದ್ದು ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಕೆಂಪು ವೈನ್. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಚಪ್ಪರದ ಮೇಲೆ ಬೆಳೆಯುವ, ಅಮೆರಿಕದ ಲಾಬ್ರುಸ್ಕಾ ಬಳಗದ ಈ ಕಪ್ಪು ದ್ರಾಕ್ಷಿಯ ವಾಸನೆ ಬಾಯಿಗಿಡುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ನನಗೆ ಇಷ್ಟವಾಯಿತು. ಅವಳು ಒಂದು ಗುಟುಕಿಗೇ ಲೋಟ ಕೆಳಗಿಟ್ಟು, “ರೀ, ಇದೇನು ಕೆಮ್ಮಿನ ಸಿರಪ್ಪಾ?” ಅಂದಳು. ಮುಂದಿನ ಸಲ ಅವಳೇ ಆರಿಸಿದ ಸೊವಿನ್ಯಾನ್ ಬ್ಲಾಂ ಬಂತು. ಹಸಿ ದಪ್ಪಮೆಣಸಿನಕಾಯಿ, ಸೀಬೆಕಾಯಿಯ ಘಮ, ನಾಲಿಗೆಯಲ್ಲಿ ನಿಂಬೆ. ಅವಳ ಮುಖ ಅರಳಿತು, ನನ್ನದು ಕಿವುಚಿತು.

ನಮ್ಮಿಬ್ಬರಿಗೂ ಹೊಂದುವ ವೈನಿನ ಕಥೆ ನಾವು ಊರಿಗೆ ಹೋಗಿಬರುವ ದಾರಿಯಲ್ಲೇ ಇತ್ತು. ಯಲಹಂಕದಿಂದ ಹಿಂದೂಪುರಕ್ಕೆ ಹೊರಟರೆ ದೊಡ್ಡಬಳ್ಳಾಪುರ ಸಿಗುತ್ತದೆ. ಅಲ್ಲಿ ದೇವನಹಳ್ಳಿ ರಸ್ತೆಗೆ ಹೊರಳಿದರೆ ರಘುನಾಥಪುರ. ಫ್ರಾನ್ಸಿನ ಯಂತ್ರೋಪಕರಣಗಳ ವ್ಯವಹಾರದಿಂದ ಆ ದೇಶದ ಒಡನಾಟ ಬೆಳೆಸಿಕೊಂಡ ಕನ್ವಲ್ ಗ್ರೋವರ್, ಶಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ ಜೊತೆ ಸೇರಿ ನಂದಿಬೆಟ್ಟದ ತಪ್ಪಲನ್ನು ಆರಿಸಿಕೊಂಡರು. ಹತ್ತಾರು ಫ್ರೆಂಚ್ ತಳಿಗಳನ್ನು ಇಲ್ಲಿನ ಕೆಮ್ಮಣ್ಣಿನಲ್ಲಿ ನೆಟ್ಟು, ಹೊಂದಿಕೊಂಡವನ್ನಷ್ಟೇ ಉಳಿಸಿಕೊಂಡು, 1988ರಲ್ಲಿ ಗ್ರೋವರ್ ವಿನ್ಯಾರ್ಡ್ಸ್ ಸ್ಥಾಪಿಸಿದರು. ಅವರ ಆರಂಭದ ಬಿಳಿ ವೈನುಗಳಲ್ಲಿ ಕ್ಲೆರೆಟ್ ಎಂಬ ದಕ್ಷಿಣ ಫ್ರಾನ್ಸಿನ ದ್ರಾಕ್ಷಿಯದೂ ಒಂದು. ಏಪ್ರಿಕಾಟ್ ಘಮದ ವಿಯೊನ್ಯೇಯನ್ನೂ ಬೆಳೆಸಿದರು.

ಒಂದು ತಮಾಷೆ ನೋಡಿ. ಈ ವೈನುಗಳು ಕಣ್ಣುಬಿಡುತ್ತಿದ್ದ ಕಾಲಕ್ಕೆ ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ ಹನಿ ಮದ್ಯವೂ ಮಾರುವಂತಿರಲಿಲ್ಲ. 1985, 1989, 1994, ಮೂರೂ ಸಲ ಹಿಂದೂಪುರದಿಂದ ಗೆದ್ದ ಎನ್.ಟಿ. ರಾಮರಾವ್, ಮುಖ್ಯಮಂತ್ರಿಯಾಗಿ 1995ರ ಜನವರಿಯಲ್ಲಿ ಆಂಧ್ರದಲ್ಲಿ ಪಾನನಿಷೇಧ ತಂದರು. ಸಾರಾಯಿ ವಿರುದ್ಧ ಬೀದಿಗಿಳಿದ ಹಳ್ಳಿ ಹೆಂಗಸರ ಹೋರಾಟದ ಫಲ ಅದು. 1997ರಲ್ಲಿ ಸಡಿಲವಾಯಿತು. ಹತ್ತು ವರ್ಷದ ನಂತರ, 2007ರಲ್ಲಿ, ಕರ್ನಾಟಕ ಸಾರಾಯಿ ನಿಷೇಧಿಸಿತು. ವೈನಿಗೆ ಪ್ರೋತ್ಸಾಹ ಕೊಡುವ ನೀತಿ ತಂದದ್ದೂ ಅದೇ ವರ್ಷ. ಬಡವನ ಲೋಟಕ್ಕೂ ಉಳ್ಳವನ ಲೋಟಕ್ಕೂ ಸರ್ಕಾರದ ಕಣ್ಣು ಬೇರೆಬೇರೆ ಎಂದು ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಉತ್ತರ ನನ್ನಲ್ಲಿಲ್ಲ.

ಮತ್ತೆ ರುಚಿಗೆ ಬರೋಣ. ಹುಣಸೆಯ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯ ಹುಳಿಯಲ್ಲೂ ದೊಡ್ಡ ಪಾಲು ಅದರದೇ! ದ್ರಾಕ್ಷಿಯ ಇನ್ನೊಂದು ಹುಳಿ, ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ, ನಮ್ಮ ಬಿಸಿಲಿಗೆ ಬೇಗ ಕರಗಿಹೋಗುತ್ತದೆ. ಸಿಹಿಯೇನೋ ಧಾರಾಳವಾಗಿ ಏರುತ್ತದೆ, ಹುಳಿ ಉಳಿಸಿಕೊಳ್ಳುವುದೇ ಕಷ್ಟ. ಅದಕ್ಕೇ ಇರುಳು ತಂಪಾಗುವ ನಂದಿಯಂಥ ಎತ್ತರದ ಜಾಗ ಬೇಕು, ಬಿಸಿಲೇರುವ ಮುಂಚೆ ಗೊಂಚಲು ಕೊಯ್ಯಬೇಕು. ಇಲ್ಲಿನ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ಫ್ರೆಂಚ್ ತಳಿಗಳಿಗೆ ವರ್ಷಕ್ಕೆರಡು ಸಲ ಚಾಟಣಿ ಮಾಡಿ ಒಂದೇ ಫಸಲು ತೆಗೆಯುತ್ತಾರೆ.

ಬಿಸಿಲಲ್ಲೂ ಹುಳಿ ಬಿಟ್ಟುಕೊಡದ ತಳಿಯೊಂದಿದೆ, ಶೆನಿನ್ ಬ್ಲಾಂ. ಫ್ರಾನ್ಸಿನ ಲ್ವಾರ್ ಕಣಿವೆಯದು. ಅಲ್ಲಿನ ವೂವ್ರೆ ಊರಿನವರು ಈ ಒಂದೇ ದ್ರಾಕ್ಷಿಯಿಂದ ಖಡಕ್ ಡ್ರೈ ವೈನಿನಿಂದ ಹಿಡಿದು ಜೇನಿನಂಥದ್ದರವರೆಗೆ ಎಲ್ಲವನ್ನೂ ಮಾಡುತ್ತಾರೆ. ಈಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದರೆ ಡ್ರೈ. ಅದಕ್ಕೆ ಮುಂಚೆಯೇ ಟ್ಯಾಂಕನ್ನು ತಣ್ಣಗಾಗಿಸಿ ಹುದುಗು ನಿಲ್ಲಿಸಿದರೆ ಒಂದಿಷ್ಟು ಸಿಹಿ ಉಳಿಯುತ್ತದೆ. ಭಾರತದ ಶೆನಿನ್ ಹೆಚ್ಚಾಗಿ ಈ ಎರಡನೆಯ ದಾರಿಯದು.

ಸಿಹಿಯ ಲೆಕ್ಕವಾದರೂ ಒಂಟಿಯಾಗಿ ನಿಲ್ಲುವುದಿಲ್ಲ. ಯುರೋಪಿನ ನಿಯಮದಂತೆ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆಯಿದ್ದರೆ ‘ಡ್ರೈ’. ಆದರೆ ಜೊತೆಗೆ ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ಅದೇ ಹೆಸರು ಸಲ್ಲುತ್ತದೆ, ಹುಳಿ ಅಳೆಯುವುದು ಟಾರ್ಟಾರಿಕ್ ಲೆಕ್ಕದಲ್ಲಿ. ಇದನ್ನು ಓದಿ ಹೇಳಿದರೆ ಅವಳು, “ನಮ್ಮಮ್ಮ ಗೊಜ್ಜಿಗೆ ಬೆಲ್ಲ ಹಾಕುವಾಗ ಇದನ್ನೇ ಅಲ್ವಾ ಮಾಡ್ತಿದ್ದದ್ದು” ಎಂದು ಒಗ್ಗರಣೆಗೆ ಸಾಸಿವೆ ಹಾಕಿದಳು.

ಹಾಗೆ ಶೆನಿನ್ ಮನೆಗೆ ಬಂತು. ಆದರೂ ಮೊದಲ ಸಂಜೆ ಪೂರ್ತಿ ರಾಜಿಯಾಗಲಿಲ್ಲ. ಫ್ರಿಜ್ಜಿನಿಂದ ತೆಗೆದದ್ದೇ ಸುರಿದಾಗ ಅವಳಿಗೆ ಹಿಡಿಸಿತು, ನನಗೆ ಸಪ್ಪೆಯೆನಿಸಿತು. ನಾನು ಮುನಿಸಿಕೊಂಡು ಲೋಟ ಬದಿಗಿಟ್ಟು ಕಡಲೆಬೀಜ ತಿನ್ನುತ್ತ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎತ್ತಿದರೆ ಬೇರೆಯದೇ ರುಚಿ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಮಂಕು. ಚಳಿ ಬಿಟ್ಟಂತೆ ಸಿಹಿಯೂ ಘಮವೂ ಮೇಲೆ ಬರುತ್ತವೆ.

ಈಗ ಒಂದೇ ಬಾಟಲಿ. ಅವಳ ಲೋಟ ಒಗ್ಗರಣೆಗೆ ಮುಂಚೆ, ನನ್ನದು ಎಲೆ ಹಾಕಿದ ಮೇಲೆ. ಅಷ್ಟರಲ್ಲಿ ಬಾಟಲಿಯಲ್ಲಿ ಎಷ್ಟು ಉಳಿದಿರುತ್ತದೆ ಎಂಬುದಷ್ಟೇ ಈಗಿನ ತಕರಾರು.