ರೋಗಾಣುವಿನ ವಿಷಕ್ಕೆ ಪ್ರತಿವಿಷ: ಒಂದು ಹಳೆಯ ಮಾರ್ಗದ ಪುನರವಲೋಕನ

ರೋಗಾಣುವನ್ನು ಕೊಲ್ಲುವುದೂ ರೋಗವನ್ನು ಗುಣಪಡಿಸುವುದೂ ಒಂದೇ ಎಂಬ ಭಾವನೆ ಆಂಟಿಬಯೋಟಿಕ್ ಔಷಧಗಳ ಬಳಕೆಯೊಡನೆ ನಮ್ಮಲ್ಲಿ ಬೇರೂರಿದೆ. ಆದರೆ ಅನೇಕ ರೋಗಗಳಲ್ಲಿ ಹಾನಿಗೆ ಮುಖ್ಯ ಕಾರಣ ರೋಗಾಣುವಲ್ಲ, ಅದು ಸ್ರವಿಸುವ ವಿಷ. ಧನುರ್ವಾಯುವಿನ ರೋಗಾಣು ಗಾಯದಲ್ಲಿಯೇ ಉಳಿದಿರುತ್ತದೆ. ಅದರ ವಿಷವು ನರಮಂಡಲವನ್ನು ಸೇರಿ ಸ್ನಾಯುಗಳನ್ನು ಸೆಟೆಯಿಸುತ್ತದೆ. ಹೀಗಿರಲು, ಆ ವಿಷವನ್ನೇ ನಿರ್ವೀರ್ಯಗೊಳಿಸುವ ಚಿಕಿತ್ಸೆಯ ಸಾಧ್ಯತೆಯೇನು, ಅದರ ಎಲ್ಲೆ ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ. ಇತಿಹಾಸದ ಅಭ್ಯಾಸಿಗಳಾದ ನಾವು ಈ ವಿಷಯವನ್ನು ಕೈಗೆತ್ತಿಕೊಳ್ಳಲು ಕಾರಣವುಂಟು: ಇಂದು ನೂತನವೆನಿಸಿರುವ ಈ ಮಾರ್ಗವು ಪೆನಿಸಿಲಿನ್ನಿನ ಬಳಕೆಗಿಂತ ಸುಮಾರು ಅರ್ಧ ಶತಮಾನ ಹಿಂದಿನದು.

1888ರಲ್ಲಿ ಪ್ಯಾರಿಸ್ಸಿನ ರೂ ಮತ್ತು ಯೆರ್ಸಾಂ ಎಂಬ ವಿಜ್ಞಾನಿಗಳು ಗಂಟಲಮಾರಿಯ, ಅಂದರೆ ಡಿಫ್ತೀರಿಯದ, ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ರೋಗಾಣುರಹಿತವಾದ ಆ ದ್ರವವೇ ಪ್ರಾಣಿಗಳಿಗೆ ಮಾರಕವೆಂದು ತೋರಿಸಿದರು. 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಅವರು, ವಿಷವನ್ನು ತಡೆದುಕೊಳ್ಳುವಂತೆ ಸಿದ್ಧಗೊಳಿಸಿದ ಪ್ರಾಣಿಯ ರಕ್ತಸಾರವು ಮತ್ತೊಂದು ಪ್ರಾಣಿಯನ್ನು ರಕ್ಷಿಸಬಲ್ಲುದೆಂದು ಕಂಡರು. ಇದೇ ಪ್ರತಿವಿಷ ಚಿಕಿತ್ಸೆಯ ಮೂಲ. ವೈದ್ಯಶಾಸ್ತ್ರದ ಮೊದಲ ನೊಬೆಲ್ ಪಾರಿತೋಷಕವು 1901ರಲ್ಲಿ ಬೇರಿಂಗರಿಗೆ ಸಂದದ್ದು ಇದಕ್ಕಾಗಿಯೇ.

1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಈ ಮಾರ್ಗವು ಹಿಂದೆ ಸರಿಯಿತು. ಅದು ನಿಷ್ಫಲವಾದುದರಿಂದ ಹೀಗಾಗಲಿಲ್ಲ. ಒಂದೊಂದು ವಿಷಕ್ಕೂ ಪ್ರತ್ಯೇಕ ಪ್ರತಿವಿಷ ಬೇಕಾಗಿತ್ತು. ಕುದುರೆಯ ರಕ್ತಸಾರವು ಕೆಲವರಿಗೆ ಒಗ್ಗುತ್ತಿರಲಿಲ್ಲ. ಪೆನಿಸಿಲಿನ್ನಾದರೋ ಒಂದೇ ಔಷಧ, ಹಲವು ರೋಗಗಳಿಗೆ ಮದ್ದು. ಆದರೂ ಗಂಟಲಮಾರಿಗೆ ಇಂದಿಗೂ ಆಂಟಿಬಯೋಟಿಕ್ಕಿನೊಡನೆ ಪ್ರತಿವಿಷವನ್ನು ಕೊಡಲೇಬೇಕು. ಅತ್ತ ವಿಷದ ಅಧ್ಯಯನವೂ ನಿಲ್ಲಲಿಲ್ಲ: 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ಕಾಲರಾಕ್ಕೂ ಇಂಥದೇ ಒಂದು ವಿಷ ಕಾರಣವೆಂದು ತೋರಿಸಿಕೊಟ್ಟರು.

ಈ ಪರಂಪರೆಯ ಒಂದು ಎಳೆ ನಮ್ಮ ಮೈಸೂರಿನಲ್ಲಿಯೇ ಇದೆ. ರಕ್ಷಣಾ ಆಹಾರ ಸಂಶೋಧನಾಲಯವೆಂದು ಹೆಸರಾದ ಸಿದ್ಧಾರ್ಥನಗರದ ಸಂಸ್ಥೆಯು 1961ರಲ್ಲಿ ಸೈನಿಕರ ಆಹಾರಾವಶ್ಯಕತೆಗಳಿಗಾಗಿ ಸ್ಥಾಪಿತವಾಯಿತು. ಆಹಾರದ ಸಂಸ್ಥೆಗೆ ವಿಷದ ಚಿಂತೆಯೇಕೆಂದು ಕೇಳಬಹುದು. ಸ್ಟೆಫಿಲೊಕಾಕಸ್ ರೋಗಾಣುವು ಆಹಾರದಲ್ಲಿ ಬಿಟ್ಟ ವಿಷವು ಕುದಿಸಿದರೂ ಪೂರ್ತಿ ನಾಶವಾಗದು. ರೋಗಾಣು ಸತ್ತರೂ ಉಂಡವನಿಗೆ ವಾಂತಿ ತಪ್ಪದು. ಕೊಂದ ಮಾತ್ರಕ್ಕೆ ಕಾರ್ಯ ಮುಗಿಯದೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಡ. ಇದೇ ಸ್ಟೆಫಿಲೊಕಾಕಸ್ಸಿನ ಮತ್ತೊಂದು ವಿಷವನ್ನೂ, ಗಾಯಗಳಲ್ಲಿ ಮಾಂಸವನ್ನು ಕೊಳೆಯಿಸುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ರೋಗಾಣುವಿನ ವಿಷವನ್ನೂ ಕುರಿತು ಇಲ್ಲಿನ ವಿಜ್ಞಾನಿಗಳು 2014ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಜೀವಕೋಶಕ್ಕೆ ಅಂಟಿಕೊಳ್ಳುವ ಭಾಗವನ್ನು ಮಾತ್ರ ಎರಡು ವಿಷಗಳಿಂದಲೂ ಆರಿಸಿ, ಒಂದೇ ಪ್ರೋಟೀನಾಗಿ ಜೋಡಿಸಿ, ಅವರು ಇಲಿಗಳಿಗೆ ಚುಚ್ಚಿದರು. ಅದರಿಂದ ಹುಟ್ಟಿದ ಪ್ರತಿಕಾಯಗಳು ಎರಡೂ ವಿಷಗಳ ವಿರುದ್ಧ ರಕ್ಷಣೆಯನ್ನಿತ್ತವು. ವಿಷಕ್ಕೊಂದು ಪ್ರತಿವಿಷವೆಂಬ ಹಳೆಯ ತೊಡಕಿಗೆ ಇದೊಂದು ಉತ್ತರ. ಆದರೆ ಇಲಿಯಲ್ಲಿ ಕಂಡ ಫಲವು ಮನುಷ್ಯರ ಔಷಧವಾಗಲು ದಾರಿ ದೂರವಿದೆ.

ಈ ಮಾರ್ಗದ ಆಕರ್ಷಣೆಯನ್ನು ಊಹಿಸುವುದು ಕಷ್ಟವಲ್ಲ. ಆಂಟಿಬಯೋಟಿಕ್ ಒಂದು ಜರಡಿಯಂತೆ: ದುರ್ಬಲ ರೋಗಾಣುಗಳು ಅಳಿದು, ಔಷಧಕ್ಕೆ ಜಗ್ಗದವು ಉಳಿದು ವೃದ್ಧಿಸುತ್ತವೆ. ಪ್ರತಿವಿಷವು ರೋಗಾಣುವನ್ನು ಕೊಲ್ಲದು. ಆದುದರಿಂದ ಆ ಒತ್ತಡವು ಕಡಿಮೆಯಾಗಬೇಕೆಂಬುದು ತರ್ಕ. ಕರುಳಿನ ಉಪಕಾರಿ ಜೀವಿಗಳೂ ಉಳಿಯುತ್ತವೆ.

ಎಲ್ಲೆಗಳನ್ನೂ ಮರೆಯಲಾಗದು. ಜೀವಕೋಶವನ್ನು ಹೊಕ್ಕ ವಿಷವನ್ನು ಪ್ರತಿವಿಷವು ಹಿಂದೆಗೆಯಲಾರದು. ಆದಕಾರಣ ಚಿಕಿತ್ಸೆ ಬೇಗನೆ ಆರಂಭವಾಗಬೇಕು. ಕ್ಷಯದಂತಹ ರೋಗಗಳಿಗೆ ಈ ಮಾರ್ಗವು ಹೊಂದದು. ಕರುಳಿನ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ರೋಗವು ಮರುಕಳಿಸದಂತೆ ತಡೆಯುವ ಬೆಝ್ಲೊಟಾಕ್ಸುಮಾಬ್ ಎಂಬ ಪ್ರತಿಕಾಯವು 2016ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು. ಅದನ್ನೂ ಆಂಟಿಬಯೋಟಿಕ್ಕಿನ ಜೊತೆಯಲ್ಲಿಯೇ ಕೊಡಬೇಕಾಗಿತ್ತು. 2025ರಲ್ಲಿ ತಯಾರಕರು ಅದನ್ನು ಮಾರುಕಟ್ಟೆಯಿಂದ ನಿಲ್ಲಿಸಿದರು. ಔಷಧವೊಂದು ಉಳಿಯಲು ವಿಜ್ಞಾನದ ಮನ್ನಣೆಯೊಂದೇ ಸಾಲದು.

ಆದುದರಿಂದ ಪ್ರತಿವಿಷವನ್ನು ಆಂಟಿಬಯೋಟಿಕ್ಕಿನ ಬದಲಿಯೆನ್ನುವುದಕ್ಕಿಂತ ಒಡನಾಡಿಯೆನ್ನುವುದು ಉಚಿತ. ಒಂದು ಔಷಧದ ವಿಜಯದಲ್ಲಿ ಮತ್ತೊಂದು ಮಾರ್ಗವನ್ನು ಮರೆತರೆ ಮುಂದೆ ಅದಕ್ಕೆ ಬೆಲೆ ತೆರಬೇಕಾದೀತು. ಪ್ರಯೋಗಾಲಯಗಳ ಹಳೆಯ ಕಡತಗಳೂ ಇತಿಹಾಸದ ಆಕರಗಳೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಇದರಿಂದ ಮನಗಾಣಬಹುದು.