ಎಕ್ಕದ ಜೋಡಿಯ ಏಳುಬೀಳು

2003ರಲ್ಲಿ ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ ನಡೆದ ಪೋಕರ್ ವಿಶ್ವಸರಣಿಯ 10,000 ಡಾಲರ್ ಪ್ರವೇಶಶುಲ್ಕದ ಮುಖ್ಯ ಪಂದ್ಯಕ್ಕೆ 839 ಮಂದಿ ಕುಳಿತಿದ್ದರು. ಒಂದು ಆಟದಲ್ಲಿ ಕೋಸ್ಟರಿಕದ ನುರಿತ ಆಟಗಾರ ಉಂಬರ್ಟೊ ಬ್ರೆನೆಸರ ಕೈಯಲ್ಲಿ ಎಕ್ಕದ ಜೋಡಿ; ಹೊಸಬರಾದ ಕ್ರಿಸ್ ಮನಿಮೇಕರರಲ್ಲಿ ಎಂಟರ ಜೋಡಿ. ಮೇಜಿನ ಮೇಲೆ ಇನ್ನೊಂದು ಎಂಟು ಬಿದ್ದಿತು, ಎಕ್ಕಗಳು ಸೋತವು. ಕೊನೆಗೆ 25 ಲಕ್ಷ ಡಾಲರಿನ ಮೊದಲ ಬಹುಮಾನವೂ ಮನಿಮೇಕರರಿಗೇ ಸಂದಿತು. ಇದನ್ನು ಅದೃಷ್ಟವೆಂದು ತಳ್ಳಿಹಾಕುವ ಮೊದಲು ಲೆಕ್ಕವನ್ನು ನೋಡೋಣ.

ಈ ಆಟದಲ್ಲಿ ಪ್ರತಿಯೊಬ್ಬನಿಗೂ ಎರಡು ಗುಪ್ತ ಎಲೆಗಳು. ಎಲ್ಲರಿಗೂ ಸೇರಿದ ಐದು ಎಲೆಗಳು ಮೇಜಿನ ಮೇಲೆ. 52 ಎಲೆಗಳಿಂದ ಎರಡನ್ನು 1,326 ಬಗೆಯಲ್ಲಿ ಆರಿಸಬಹುದು. ಅವುಗಳಲ್ಲಿ ಎಕ್ಕದ ಜೋಡಿಗಳು ಆರೇ ಆರು. ಎಂದರೆ, ಸರಾಸರಿ 221 ಹಂಚಿಕೆಗಳಿಗೊಮ್ಮೆ ಈ ಭಾಗ್ಯ. ಅದು ಬಂದಾಗಲೂ ರಾಜರ ಜೋಡಿಯೆದುರು ಗೆಲ್ಲುವ ಸಂಭವ ನೂರಕ್ಕೆ ಸುಮಾರು 82. ಒಂಬತ್ತು ಮಂದಿ ಯಾವುದೋ ಎಲೆಗಳೊಡನೆ ಕೊನೆಯವರೆಗೂ ನಿಂತರಂತೂ ಅದು ಸುಮಾರು 31ಕ್ಕೆ ಇಳಿಯುತ್ತದೆ! ಒಬ್ಬೊಬ್ಬರೂ ದುರ್ಬಲರೇ, ಆದರೆ ಗುಂಪು ಬಲಿಷ್ಠ.

ಸರ್ವಸ್ವವನ್ನೂ ಒಡ್ಡಿ, 82ರ ಸಂಭವವುಳ್ಳ ಐದು ಕಾಳಗಗಳನ್ನು ಸಾಲಾಗಿ ಗೆಲ್ಲಬೇಕೆಂದಿಟ್ಟುಕೊಳ್ಳಿ. 0.82ನ್ನು ಐದು ಬಾರಿ ಗುಣಿಸಿದರೆ 0.37 ಮಾತ್ರ. ಪ್ರತಿ ಬಾರಿಯೂ ಬಲಶಾಲಿಯಾಗಿದ್ದವನು ಹೆಚ್ಚಾಗಿ ನಡುದಾರಿಯಲ್ಲೇ ಬೀಳುತ್ತಾನೆ. ಸಾಮಾನ್ಯ ಆಟದಲ್ಲಿ ಸೋತವನು ಮತ್ತೆ ಹಣ ತೆಗೆದಾನು; ದೀರ್ಘಕಾಲದ ಸರಾಸರಿ ಅವನ ನೆರವಿಗೆ ಬಂದೀತು. ಪಂದ್ಯದಲ್ಲಿ ಬಿಲ್ಲೆಗಳು ಮುಗಿದವನಿಗೆ ಆ ಸರಾಸರಿಯಿಂದ ಏನು ಪ್ರಯೋಜನ?

ಇನ್ನೊಂದು ಸೂಕ್ಷ್ಮವಿದೆ. ಆಟ ನಡುವೆ ನಿಂತರೆ ಪಣವನ್ನು ಹೇಗೆ ಹಂಚಬೇಕೆಂದು ಪಾಸ್ಕಲ್ ಮತ್ತು ಫೆರ್ಮಾ 1654ರಲ್ಲಿ ಪತ್ರಗಳ ಮೂಲಕ ಚರ್ಚಿಸಿದರಷ್ಟೆ. ಇದು ಅದರ ವಂಶದ ಪ್ರಶ್ನೆಯೇ. ಸಮಾನ ಬಿಲ್ಲೆಗಳ ಮೂವರು ಉಳಿದಿದ್ದಾರೆ. ಬಹುಮಾನಗಳು 5,000, 3,000 ಮತ್ತು 2,000 ಡಾಲರ್. ಕುಶಲತೆ ಸಮಾನವಾದರೆ ಒಬ್ಬೊಬ್ಬನ ಪಾಲು 3,333. ಒಬ್ಬನು ಇನ್ನೊಬ್ಬನ ಬಿಲ್ಲೆಗಳನ್ನೆಲ್ಲ ಗೆದ್ದನೆನ್ನಿ. ಮೊದಲ ಸ್ಥಾನದ ಸಂಭವ ಮೂರರಲ್ಲಿ ಎರಡಾಗಿ, ಅವನ ಪಾಲು 4,333 ಆಗುತ್ತದೆ. ಬಿಲ್ಲೆಗಳು ಇಮ್ಮಡಿಯಾದವು, ಬೆಲೆ ಇಮ್ಮಡಿಯಾಗಲಿಲ್ಲ. ಸೋತರೆ ದೊರೆಯುವುದು 2,000. ಗೆಲುವಿನ ಲಾಭ 1,000, ಸೋಲಿನ ನಷ್ಟ 1,333. ಆದುದರಿಂದ ನೂರಕ್ಕೆ 57ಕ್ಕಿಂತ ಹೆಚ್ಚು ಸಂಭವವಿಲ್ಲದೆ ಸರ್ವಸ್ವವನ್ನೂ ಒಡ್ಡುವುದು ನಷ್ಟದ ವ್ಯಾಪಾರ. 55ರ ಕೈಯನ್ನು ಜಾಣನು ಮಡಿಸಿಡುತ್ತಾನೆ. ನೋಡುವವರು ಅವನನ್ನು ಪುಕ್ಕಲನೆಂದಾರು! ಎಕ್ಕದ ಜೋಡಿಯ 82 ಈ ಗೆರೆಗಿಂತ ಬಹಳ ಮೇಲಿದೆ. ಅದನ್ನು ಆಡಲೇಬೇಕು, ಐದರಲ್ಲಿ ಸುಮಾರು ಒಂದು ಬಾರಿ ಮನೆಗೆ ಹೊರಡಲೂ ಸಿದ್ಧವಾಗಿರಬೇಕು.